ಸೀಸರನ ಕೂದಲು, ಸ್ಪ್ರಿಂಗ್‌ಫೀಲ್ಡಿನ ಅಂಚೆ ಕಚೇರಿ: ಲಿಂಕನ್ನನ ಶಿಫಾರಸು ಪತ್ರಗಳು

ಜೂಲಿಯಸ್ ಸೀಸರನ ತಲೆಗೂದಲು ಯಾವ ಬಣ್ಣದ್ದು? ಗೊತ್ತಿಲ್ಲವೇ? ಚಿಂತೆಯಿಲ್ಲ. ಆದರೂ ನಿಮ್ಮನ್ನು ಕರ್ನಲ್ ಮಾಡಲು ಅಬ್ರಹಾಂ ಲಿಂಕನ್ ಸಿದ್ಧನಿದ್ದ!

ತಮಾಷೆ ಮಾಡುತ್ತಿಲ್ಲ. 1863ರ ನವೆಂಬರ್ 11. ಗೆಟ್ಟಿಸ್‌ಬರ್ಗ್ ಭಾಷಣಕ್ಕೆ ಇನ್ನು ಎಂಟೇ ದಿನ. ಅಂತರ್ಯುದ್ಧ ಧಗಧಗಿಸುತ್ತಿದೆ. ಅಮೆರಿಕದ ಅಧ್ಯಕ್ಷ ತನ್ನ ಯುದ್ಧಮಂತ್ರಿ ಎಡ್ವಿನ್ ಸ್ಟಾಂಟನ್‌ಗೆ ಒಂದು ಚೀಟಿ ಗೀಚುತ್ತಾನೆ. ನ್ಯೂಜೆರ್ಸಿಯ ಜೇಕಬ್ ಫ್ರೀಸ್ ಎಂಬಾತನನ್ನು ಕಪ್ಪು ಸೈನಿಕರ ರೆಜಿಮೆಂಟೊಂದಕ್ಕೆ ಕರ್ನಲ್ ಮಾಡಬೇಕೆಂದು ನನ್ನ ಸ್ವಂತ ಇಚ್ಛೆ; ಸೀಸರನ ಕೂದಲಿನ ಬಣ್ಣ ಇಂಥದ್ದೇ ಎಂದು ಕರಾರುವಾಕ್ಕಾಗಿ ಹೇಳಲು ಅವನಿಗೆ ಬರಲಿ, ಬಾರದಿರಲಿ, ಅದೆಲ್ಲ ಬೇಡ. ಚೀಟಿಯ ಸಾರ ಇಷ್ಟೇ. ಆ ರೆಜಿಮೆಂಟುಗಳಿಗೆ ಅಧಿಕಾರಿಗಳನ್ನು ಆರಿಸಲು ಪರೀಕ್ಷಾ ಮಂಡಳಿಗಳಿದ್ದವು. ಅವು ಕೇಳುತ್ತಿದ್ದ ಪ್ರಶ್ನೆಗಳ ಮೇಲೆ ಅಧ್ಯಕ್ಷನಿಗೆ ಎಷ್ಟು ಗೌರವವಿತ್ತು ಅನ್ನುವುದು ಒಂದೇ ಏಟಿಗೆ ಗೊತ್ತಾಗಿಬಿಡುತ್ತದೆ!

ನಾನು ಲಿಂಕನ್ನನ ಸಂಪುಟಗಳಿಗೆ ಕೈಹಾಕಿದ್ದು ಭಾಷಣಗಳಿಗಾಗಿ. ರಾಯ್ ಬಾಸ್ಲರ್ ಸಂಪಾದಿಸಿ 1953ರಲ್ಲಿ ಹೊರತಂದ ಎಂಟು ದಪ್ಪ ಸಂಪುಟಗಳವು. ಮಿಷಿಗನ್ ವಿಶ್ವವಿದ್ಯಾಲಯ ಅವನ್ನು ಅಂತರ್ಜಾಲಕ್ಕೆ ಏರಿಸಿ ಪುಣ್ಯ ಕಟ್ಟಿಕೊಂಡಿದೆ. ಪುಟ ತಿರುವಿದಂತೆ ಭಾಷಣಗಳ ನಡುವೆ ಇನ್ನೇನೋ ಎದ್ದು ಬರತೊಡಗಿತು. ಪೋಸ್ಟ್‌ಮಾಸ್ಟರ್ ಹುದ್ದೆ ಯಾರಿಗೆ? ಭೂಕಚೇರಿಯಲ್ಲಿ ಯಾರನ್ನು ಕೂರಿಸಬೇಕು? ಇವನು ನಮ್ಮವನು, ಅವನು ಅವರವನು, ಇವನಿಗೆ ಮಾತು ಕೊಟ್ಟಿದ್ದೇನೆ, ಅವನು ಮುನಿಸಿಕೊಂಡಿದ್ದಾನೆ... ನೂರಾರು ಪತ್ರಗಳು! ಗುಲಾಮರನ್ನು ಬಿಡಿಸಿದ ಮಹಾಪುರುಷ ಎಂದು ನಾವು ಶಾಲೆಯಲ್ಲಿ ಓದಿದ ಆ ಎತ್ತರದ ಮನುಷ್ಯ, ಇಲ್ಲಿ ಅಪ್ಪಟ ಜಿಲ್ಲಾ ಮಟ್ಟದ ರಾಜಕಾರಣಿ. ನಿಗಮ ಮಂಡಳಿಗಳ ಪಟ್ಟಿ ಹಿಡಿದುಕೊಂಡು ದೆಹಲಿಗೂ ಬೆಂಗಳೂರಿಗೂ ಓಡಾಡುವವರನ್ನು ಕಂಡ ನಮಗೆ ಈ ಪತ್ರಗಳ ವಾಸನೆ ಕೂಡಲೇ ಹತ್ತುತ್ತದೆ. ಆದರೆ ಓದುತ್ತಾ ಹೋದರೆ ಬೆರಗು ಬೇರೆಯೇ. ವಶೀಲಿ ಮಾಡುತ್ತಲೇ ಸುಳ್ಳು ಹೇಳದೆ ಇರುವುದು ಹೇಗೆ? ಈ ಮನುಷ್ಯ ಅದನ್ನು ಮಾಡಿ ತೋರಿಸಿದ್ದಾನೆ. ಕೆಲವೊಮ್ಮೆ ಎಡವಿಯೂ ಇದ್ದಾನೆ. ಅದನ್ನೂ ಪತ್ರಗಳೇ ಹೇಳುತ್ತವೆ.

1849ಕ್ಕೆ ಹೋಗೋಣ.

ಆಗ ಲಿಂಕನ್‌ಗೆ ನಲವತ್ತು. ಇಲಿನಾಯ್ ರಾಜ್ಯದಿಂದ ವಾಷಿಂಗ್ಟನ್ನಿನ ಕೆಳಮನೆಗೆ ಹೋಗಿದ್ದ ಏಳು ಮಂದಿಯಲ್ಲಿ ವಿಗ್ ಪಕ್ಷದವನೆಂದರೆ ಅವನೊಬ್ಬನೇ. ಎರಡು ವರ್ಷದ ಒಂದೇ ಅವಧಿ, ಅದೂ ಮುಗಿಯುತ್ತಾ ಬಂದಿತ್ತು. ಅದೇ ಹೊತ್ತಿಗೆ ವಿಗ್ ಪಕ್ಷದ ಜನರಲ್ ಜಾಕರಿ ಟೇಲರ್ ಅಧ್ಯಕ್ಷನಾಗಿ ಗೆದ್ದುಬಿಟ್ಟ. ಅಂದಿನ ಅಮೆರಿಕದಲ್ಲಿ ಪಕ್ಷ ಬದಲಾಯಿತೆಂದರೆ ಹಳ್ಳಿ ಪೋಸ್ಟ್‌ಮಾಸ್ಟರಿನವರೆಗೆ ಎಲ್ಲರ ಕುರ್ಚಿಯೂ ಅಲುಗಾಡುತ್ತಿತ್ತು. 1829ರಲ್ಲಿ ಅಧ್ಯಕ್ಷನಾಗಿ ಬಂದ ಆಂಡ್ರೂ ಜಾಕ್ಸನ್ ಆ ಪದ್ಧತಿಗೆ ಬಲ ತುಂಬಿದ್ದ. ಗೆದ್ದವನಿಗೇ ಕೊಳ್ಳೆ ಸೇರತಕ್ಕದ್ದು ಎಂದು 1832ರಲ್ಲಿ ವಿಲಿಯಂ ಮಾರ್ಸಿ ಎಂಬ ನ್ಯೂಯಾರ್ಕಿನ ಸೆನೆಟರ್ ಮುಚ್ಚುಮರೆಯಿಲ್ಲದೆ ಸದನದಲ್ಲೇ ಹೇಳಿದ್ದ. ಒಂದು ರಾಜ್ಯದೊಳಗಿನ ಕೇಂದ್ರ ಹುದ್ದೆಗಳಿಗೆ ಆ ರಾಜ್ಯದ ಆಳುವ ಪಕ್ಷದ ಸಂಸದರೇ ಹೆಸರು ಕೊಡುವುದು ವಾಡಿಕೆ. ಅಂದರೆ ಇಲಿನಾಯ್‌ನ ಹುದ್ದೆಗಳ ಗಂಟು ಈಗ ಲಿಂಕನ್ನನ ಕೈಯಲ್ಲಿ, ಜೊತೆಗೆ ಹೊಸದಾಗಿ ಗೆದ್ದು ಬಂದಿದ್ದ ಅವನ ಗೆಳೆಯ ಕರ್ನಲ್ ಎಡ್ವರ್ಡ್ ಬೇಕರ್‌ನ ಕೈಯಲ್ಲಿ. ಈ ಬೇಕರ್ ಎಷ್ಟು ಆಪ್ತನೆಂದರೆ, ಲಿಂಕನ್ ತನ್ನ ಎರಡನೆಯ ಮಗನಿಗೆ ಅವನ ಹೆಸರನ್ನೇ ಇಟ್ಟಿದ್ದ.

ತನಗಾಗಿ ಏನು ಬೇಕೆಂದುಕೊಂಡಿದ್ದ? ಏನೂ ಬೇಡ ಎಂದುಕೊಂಡಿದ್ದ! ಫೆಬ್ರವರಿ 20ರಂದು ಹಳೆಯ ಗೆಳೆಯ ಜೋಶುವಾ ಸ್ಪೀಡ್‌ಗೆ ಬರೆದ ಪತ್ರದಲ್ಲಿ ಲೆಕ್ಕ ಸ್ಪಷ್ಟವಾಗಿದೆ. ಮೊದಲ ದರ್ಜೆಯ ಹುದ್ದೆ ಬಯಸುವಂಥದ್ದು ನನ್ನಲ್ಲೇನೂ ಇಲ್ಲ. ಎರಡನೆಯ ದರ್ಜೆಯದು ಸಿಕ್ಕರೆ, ಅದೇ ಹುದ್ದೆಗೆ ಬಾಯಿಬಿಟ್ಟವರೆಲ್ಲ ನನ್ನ ಮೇಲೆ ಗುರ್ರೆನ್ನುತ್ತಾರೆ, ಆ ಗುರುಗುಟ್ಟುವಿಕೆಗೆ ಆ ಸಂಬಳ ಸಾಲದು. ಎಂಥ ವ್ಯವಹಾರಜ್ಞಾನ! ಮೂರೇ ತಿಂಗಳಲ್ಲಿ ಈ ಲೆಕ್ಕವೆಲ್ಲ ತಲೆಕೆಳಗಾಗಲಿತ್ತು.

ಈಗ ಏಪ್ರಿಲ್ 7ರ ಪತ್ರಗಳು. ಅವಧಿ ಮುಗಿಸಿ ಊರಿಗೆ ಮರಳಿದ್ದ ಲಿಂಕನ್ ಅಂದು ಒಂದೇ ದಿನ ಸ್ಪ್ರಿಂಗ್‌ಫೀಲ್ಡಿನಲ್ಲಿ ಕುಳಿತು ಒಂದರ ಹಿಂದೊಂದು ಬರೆದಿದ್ದಾನೆ. ನಾನು ಈ ದಿನದ ಪುಟಗಳನ್ನು ಬಿಟ್ಟೇಳಲಾರದೆ ಓದಿದೆ.

ಮೊದಲನೆಯದು ಅಂಚೆಮಂತ್ರಿ ಜೇಕಬ್ ಕಾಲಮರ್‌ಗೆ. ವಿಷಯ: ಸ್ಪ್ರಿಂಗ್‌ಫೀಲ್ಡಿನ ಪೋಸ್ಟ್‌ಮಾಸ್ಟರ್ ಹುದ್ದೆ. ಅಲ್ಲಿ ಕುಳಿತಿರುವವನು ಡಿಲ್ಲರ್, ಎದುರು ಪಕ್ಷದವನು. ಜಾಗ ಖಾಲಿಯಾದರೆ ಏಬ್ನರ್ ಎಲ್ಲಿಸ್‌ಗೆ ಕೊಡಿ ಎಂಬುದು ಶಿಫಾರಸು. ಇಲ್ಲಿಯವರೆಗೆ ಮಾಮೂಲು. ಮುಂದೆ ನೋಡಿ! ಡಿಲ್ಲರ್ ತನ್ನ ಕೆಲಸದಲ್ಲಿ ಯಾವುದೇ ಲೋಪ ಮಾಡಿದ್ದಾನೆಂದು ನಾನು ಹೇಳಲಾರೆ ಎನ್ನುತ್ತಾನೆ. ಶಿಫಾರಸು ಪತ್ರದಲ್ಲಿ ಯಾರಾದರೂ ಈ ಮಾತು ಬರೆಯುತ್ತಾರೆಯೇ? ಒಬ್ಬನನ್ನು ಎಬ್ಬಿಸಬೇಕೆಂದರೆ ಅವನ ಮೇಲೆ ನಾಲ್ಕು ದೂರು ಹೆಣೆಯುವುದು ಲೋಕಾರೂಢಿ. ಇವನು ಹಾಗೆ ಮಾಡಲಿಲ್ಲ. ಆದರೆ ಸುಮ್ಮನೆಯೂ ಇರಲಿಲ್ಲ: ಡಿಲ್ಲರ್ ನಮ್ಮ ವಿರುದ್ಧ ಬಿರುಸಾಗಿ ಪಕ್ಷದ ಕೆಲಸ ಮಾಡಿದವನು, ಡೆಮಾಕ್ರಟಿಕ್ ಪಕ್ಷದ ರಾಜ್ಯ ಸಮಿತಿಯಲ್ಲಿದ್ದವನು, ಅವರ ಪ್ರಣಾಳಿಕೆಗಳಿಗೆ ರುಜು ಹಾಕಿದವನು, ಟೇಲರ್ ಗೆದ್ದ ಮೇಲೆ, ಹೋಗುವ ಮುನ್ನ ಹಿಂದಿನ ಅಧ್ಯಕ್ಷ ಪೋಕ್ ಇವನನ್ನು ಮತ್ತೆ ನೇಮಿಸಿದ್ದಾನೆಂದೂ ಕೇಳಿದ್ದೇನೆ. ಇಷ್ಟು ಸಂಗತಿ. ತೆಗೆಯಬೇಕೋ ಬೇಡವೋ ಎಂಬ ಬಗ್ಗೆ ನನ್ನ ಅಭಿಪ್ರಾಯ ಹೇಳುವುದಿಲ್ಲ. ಇಂಥ ಪ್ರಕರಣಗಳಿಗೆಲ್ಲ ಇಲಾಖೆ ಒಂದು ಸರಿಯಾದ ಸಾಮಾನ್ಯ ನಿಯಮ ಮಾಡಿಕೊಳ್ಳಲಿ, ಡಿಲ್ಲರ್‌ನನ್ನು ಆ ಕಡೆಗಾಗಲಿ ಈ ಕಡೆಗಾಗಲಿ ಅದರಿಂದ ಹೊರಗಿಡುವುದು ಬೇಡ.

ಇದನ್ನು ಮತ್ತೆ ಮತ್ತೆ ಓದಿ. ಬಾಣ ಬಿಟ್ಟಿದ್ದಾನೆ, ಆದರೆ ಬಿಲ್ಲು ಕೆಳಗಿಟ್ಟವನ ಹಾಗೆ ನಿಂತಿದ್ದಾನೆ! ಸಂಗತಿಗಳನ್ನು ಜೋಡಿಸಿದ ಕ್ರಮವೇ ಡಿಲ್ಲರ್‌ನ ಕುರ್ಚಿಗೆ ಕೈಹಾಕುತ್ತದೆ. ಹಾಗಿದ್ದೂ ಒಂದೇ ಒಂದು ಸುಳ್ಳಿಲ್ಲ. ವಕೀಲನ ಕೈಬರಹವೆಂದರೆ ಇದು.

ಇನ್ನೊಂದು ಪತ್ರ ಒಳಾಡಳಿತ ಮಂತ್ರಿ ಥಾಮಸ್ ಯೂಯಿಂಗ್‌ಗೆ. ಆ ಇಲಾಖೆ ಹುಟ್ಟಿ ಒಂದು ತಿಂಗಳು ಕಳೆದದ್ದೇ ತಡ, ಅರ್ಜಿಗಳ ರಾಶಿ ಬಿದ್ದಿತ್ತು. ಸ್ಪ್ರಿಂಗ್‌ಫೀಲ್ಡಿನ ಭೂಕಚೇರಿಯ ರಿಸೀವರ್ ಹುದ್ದೆಗೆ, ಎಂದರೆ ಸರಕಾರಿ ಜಮೀನು ಕೊಂಡವರ ಹಣ ಜಮಾ ಮಾಡಿಕೊಳ್ಳುವ ಕೆಲಸಕ್ಕೆ, ವಾಲ್ಟರ್ ಡೇವಿಸ್ ಎಂಬವನ ಹೆಸರು ಸೂಚಿಸುತ್ತಾನೆ. ಈ ಡೇವಿಸ್‌ಗೆ ಜನವರಿಯಲ್ಲೇ ಒಂದು ಪತ್ರ ಹೋಗಿತ್ತು: ಹುದ್ದೆ ಹಂಚುವುದು ನನ್ನ ಪಾಲಿಗೆ ಬಂದರೆ ನಿನಗೇನಾದರೂ ಕೊಡುತ್ತೇನೆ ಅಂದಿದ್ದೆ, ಆ ಮಾತು ಮರೆತಿಲ್ಲ ಎಂದು. ಈಗ ಮಾತು ಉಳಿಸಿಕೊಳ್ಳುವ ಹೊತ್ತು. ಆ ಹುದ್ದೆಯಲ್ಲಿ ಇರುವವನು ಯಾರು? ಆರ್ಚರ್ ಹರ್ನ್‌ಡನ್. ಹೆಸರು ಕೇಳಿದಂತಿದೆಯಲ್ಲವೇ? ಲಿಂಕನ್ನನ ವಕೀಲಿ ಕಚೇರಿಯ ಪಾಲುದಾರ ವಿಲಿಯಂ ಹರ್ನ್‌ಡನ್‌ನ ಹೆತ್ತ ತಂದೆ! ದಿನಾ ಎದುರು ಮೇಜಿನಲ್ಲಿ ಕೂರುವ ಗೆಳೆಯನ ಅಪ್ಪನ ಹುದ್ದೆಗೆ ಬೇರೊಬ್ಬನ ಹೆಸರು ಬರೆಯಬೇಕು. ಪೆನ್ನು ನಡುಗಿತೇ? ಕಾಗದದ ಮೇಲಂತೂ ಕಾಣುವುದಿಲ್ಲ. ಡಿಲ್ಲರ್ ಬಗ್ಗೆ ಬರೆದ ಅದೇ ಹದ ಇಲ್ಲೂ. ಹರ್ನ್‌ಡನ್ ಕೆಲಸದಲ್ಲಿ ತಪ್ಪಿದ್ದಾನೆ ಎನ್ನಲಾರೆ. ಎದುರು ಪಕ್ಷದ ಕಟ್ಟಾಳು, ಟೇಲರ್ ವಿರುದ್ಧ ಬಹಿರಂಗವಾಗಿ ದುಡಿದವನು. ಇವನನ್ನೂ ಪೋಕ್ ಮತ್ತೆ ನೇಮಿಸಿದ್ದಾನಂತೆ, ನಿಜವೋ ಸುಳ್ಳೋ ಇಲಾಖೆಯ ಕಡತವೇ ಹೇಳಲಿ. ಇಲ್ಲಿನ ವಿಗ್‌ಗಳು ಬಹುತೇಕ ಎಲ್ಲರೂ ಇವನು ಹೋಗಲಿ ಎನ್ನುತ್ತಾರೆ. ನನ್ನ ಅಭಿಪ್ರಾಯವಿಲ್ಲ, ಸಾಮಾನ್ಯ ನಿಯಮವೊಂದಿರಲಿ. ಹಾಗೆಂದು ಮುಗಿಸಿ ಕೆಳಗೊಂದು ಅಡಿಟಿಪ್ಪಣಿ: ಈ ಭೂಕಚೇರಿಯ ವ್ಯಾಪ್ತಿ ಬಹುಪಾಲು ನನ್ನ ಕ್ಷೇತ್ರದೊಳಗೇ ಬರುತ್ತದೆ, ಆದ್ದರಿಂದ ಕರ್ನಲ್ ಬೇಕರ್ ಇದರಲ್ಲಿ ಮಾತಾಡುವ ಹಕ್ಕು ಕೇಳುವುದಿಲ್ಲ. ಸೂಕ್ಷ್ಮವೆಲ್ಲ ಈ ಅಡಿಟಿಪ್ಪಣಿಯಲ್ಲಿದೆ ನೋಡಿ. ಗೆಳೆಯನಾದರೇನು, ಗಡಿ ಗಡಿಯೇ!

ಇನ್ನೊಂದು ಸ್ವಾರಸ್ಯ. ಈ ಲಿಂಕನ್ ಸ್ವತಃ ಒಂದು ಕಾಲದಲ್ಲಿ ಪೋಸ್ಟ್‌ಮಾಸ್ಟರ್! 1833ರಿಂದ 1836ರವರೆಗೆ ನ್ಯೂ ಸೇಲಂ ಎಂಬ ಪುಟ್ಟ ಊರಿನಲ್ಲಿ. ನೇಮಿಸಿದ್ದು ಯಾರು? ಅವನು ವಿರೋಧಿಸುತ್ತಿದ್ದ ಜಾಕ್ಸನ್ ಸರಕಾರ. ಹುದ್ದೆ ಎಷ್ಟು ಚಿಕ್ಕದಿತ್ತೆಂದರೆ ನನ್ನ ರಾಜಕೀಯ ಯಾರಿಗೂ ಅಡ್ಡ ಬರಲಿಲ್ಲ ಎಂದು 1860ರಲ್ಲಿ ಬರೆದ ಆತ್ಮಕಥನದ ಟಿಪ್ಪಣಿಯಲ್ಲಿ ಅವನೇ ನಗುತ್ತಾನೆ. ಡಿಲ್ಲರ್‌ನ ಪತ್ರ ಬರೆಯುವಾಗ ಆ ಹಳೆಯ ಟಪಾಲುದಿನಗಳು ನೆನಪಾಗಿರಬಹುದೇ ಎಂದು ನನಗಂತೂ ಅನ್ನಿಸದೆ ಇರಲಿಲ್ಲ.

ಅದೇ ಏಪ್ರಿಲ್ 7. ಅದೇ ಮೇಜು. ಇನ್ನೊಂದು ಪತ್ರ, ಮತ್ತು ಇದು ಎಲ್ಲಕ್ಕಿಂತ ದೊಡ್ಡ ಮೀನಿನ ವಿಷಯ: ಜನರಲ್ ಲ್ಯಾಂಡ್ ಆಫೀಸಿನ ಕಮಿಷನರ್. ದೇಶದ ಸರಕಾರಿ ಭೂಮಿಯ ಮಾರಾಟ, ಹಕ್ಕುಪತ್ರ ಎಲ್ಲ ನೋಡುವ ಹುದ್ದೆ. ವರ್ಷಕ್ಕೆ 3,000 ಡಾಲರ್ ಸಂಬಳ. ಇಲಿನಾಯ್‌ಗೆ ದಕ್ಕಬಹುದಾದ ಅತಿ ದೊಡ್ಡ ಹುದ್ದೆ ಇದೇ. ಗೆಳೆಯರು ಲಿಂಕನ್‌ಗೆ, ನೀನೇ ತಗೋ ಎಂದು ಬರೆದಿದ್ದಾರೆ. ಅವನ ಉತ್ತರ ಒಂದು ಕರಾರು ಪತ್ರದಂತಿದೆ. ಸೈರಸ್ ಎಡ್ವರ್ಡ್ಸ್‌ಗೆ ಕೊಡಿಸುತ್ತೇನೆಂದು ನಾನು ಮಾತು ಕೊಟ್ಟಾಗಿದೆ. ಎಡ್ವರ್ಡ್ಸ್ ಮತ್ತು ಕರ್ನಲ್ ಮಾರಿಸನ್ ಇಬ್ಬರಲ್ಲಿ ಒಬ್ಬ ಹಿಂದೆ ಸರಿದರೆ ಇನ್ನೊಬ್ಬನಿಗೆ ನಾವಿಬ್ಬರೂ ಶಿಫಾರಸು ಮಾಡುತ್ತೇವೆಂದು ಬೇಕರ್ ಜೊತೆ ಒಪ್ಪಂದವೂ ಆಗಿದೆ. ಈ ಮಾತುಗಳ ವಿಷಯದಲ್ಲಿ ನಾನು ಶುದ್ಧನಾಗಿದ್ದರೆ ಸಾಲದು, ಯಾರೂ ಬೆರಳು ತೋರದಂತಿರಬೇಕು. ನಾನು ಒಪ್ಪಿದರೆ ಮಾತ್ರ ಹುದ್ದೆ ಇಲಿನಾಯ್‌ಗೆ ಬರುತ್ತದೆ, ಇಲ್ಲವಾದರೆ ಕೈತಪ್ಪುತ್ತದೆ ಎನ್ನುವಂತಿದ್ದರೆ, ಆಗ ಒಪ್ಪಿದ್ದೇನೆ.

ಎಡ್ವರ್ಡ್ಸ್ ಸರಿಯಲಿಲ್ಲ. ಮಾರಿಸನ್ನೂ ಸರಿಯಲಿಲ್ಲ. ಇಬ್ಬರ ಎಳೆದಾಟದ ಸಂದಿನಲ್ಲಿ ಶಿಕಾಗೋದಿಂದ ಮೂರನೆಯವನು ನುಗ್ಗಿಬಂದ: ಜಸ್ಟಿನ್ ಬಟರ್‌ಫೀಲ್ಡ್. ಹೆಸರಾಂತ ವಕೀಲ, ಮಂತ್ರಿ ಯೂಯಿಂಗ್‌ಗೆ ಬೇಕಾದವನು.

ಈಗ ನಮ್ಮ ಸೌಮ್ಯ ಲಿಂಕನ್ ಸಿಟ್ಟಿಗೇಳುತ್ತಾನೆ. ಆ ಸಿಟ್ಟಿನ ಪತ್ರ ಸಿಕ್ಕಿದಾಗ ನಾನು ಕುರ್ಚಿಯ ತುದಿಗೆ ಬಂದಿದ್ದೆ! ಮೇ 16, ನೌಕಾಮಂತ್ರಿ ವಿಲಿಯಂ ಪ್ರೆಸ್ಟನ್‌ಗೆ. ಶುರು ಮಾಡುವುದು ಎಷ್ಟು ನಯವಾಗಿ: ಬಟರ್‌ಫೀಲ್ಡ್ ನನ್ನ ಗೆಳೆಯ, ಯೋಗ್ಯ, ನಿಷ್ಠೆಯಿಂದಲೇ ಕೆಲಸ ಮಾಡಿಯಾನು. ಇಷ್ಟು ಹೇಳಿ, ಸರಿ, ಇನ್ನು ಆಕ್ಷೇಪಣೆಗೆ ಬರೋಣ ಎಂದು ತೋಳೇರಿಸುತ್ತಾನೆ. 1840ರಲ್ಲಿ ನಮ್ಮಲ್ಲಿ ಎಷ್ಟೋ ಮಂದಿ ಇಡೀ ವರ್ಷ ಮೈ ಮುರಿದು ಹೋರಾಡಿದೆವು. ಗೆದ್ದೆವು. ಹುದ್ದೆ ಹೋದದ್ದು ಯಾರಿಗೆ? ಬಿಡಿಗಾಸು ಬಿಚ್ಚದ, ಬೆರಳೆತ್ತದ ಸೋಮಾರಿ ಪಡೆಗೆ. ಅದರಲ್ಲಿ ಈ ಬಟರ್‌ಫೀಲ್ಡೂ ಒಬ್ಬ, ಡಿಸ್ಟ್ರಿಕ್ಟ್ ಅಟಾರ್ನಿಯಾದ. ಮೊನ್ನೆಯೂ ಅಷ್ಟೆ. ಟೇಲರ್‌ಗೆ ಟಿಕೆಟ್ ಕೊಡಿಸಲು ನಾವು ರಕ್ತ ಬಸಿಯುತ್ತಿದ್ದಾಗ ಇವನು ನಮ್ಮನ್ನು ಗೇಲಿ ಮಾಡುತ್ತಾ ಅದೇ ಟಿಕೆಟ್ಟಿನ ಇನ್ನೊಬ್ಬ ಆಕಾಂಕ್ಷಿ ಹೆನ್ರಿ ಕ್ಲೇ ಪರ ನಿಂತಿದ್ದ. ಚುನಾವಣೆಯಲ್ಲಿ ಇವನು ಶಿಕಾಗೋ ಊರು ಬಿಟ್ಟು ಹೊರಗೆ ಕಾಲಿಟ್ಟಿದ್ದನ್ನು ನಾನು ಕೇಳಿಲ್ಲ, ನಂಬುವುದೂ ಇಲ್ಲ. ಈಗ ಬೇರೆಯವರ ಬೆವರಿನಿಂದ ಗೆಲುವು ಬಂದ ಮೇಲೆ, ಅತ್ಯುತ್ತಮ ಹುದ್ದೆಗೆ ಎಲ್ಲರಿಗಿಂತ ಮುಂದೆ ಬಂದು ನಿಂತಿದ್ದಾನೆ! ಹೀಗಾದರೆ ನಮ್ಮ ಕಾರ್ಯಕರ್ತರು ಆಯುಧ ಕೆಳಗಿಟ್ಟು ಮನೆಗೆ ಹೋಗುತ್ತಾರೆ.

ಯಾವ ಊರಿನ ಯಾವ ಪಕ್ಷದ ಕಚೇರಿಯಲ್ಲಿ ಈ ಮಾತು ಕೇಳಿಲ್ಲ ಹೇಳಿ! ಬಾವುಟ ಕಟ್ಟಿದವನು ಬಾಗಿಲಲ್ಲೇ ಉಳಿದ, ನಿನ್ನೆ ಬಂದವನು ಒಳಗೆ ಹೋದ ಎನ್ನುವ ಆ ಸಂಕಟ. ಲಿಂಕನ್ನನ ಬಾಯಲ್ಲಿ ಅದನ್ನು ಕೇಳುವುದೆಂದರೆ, ನಾಣ್ಯದ ಮೇಲಿನ ಆ ಮುಖ ದಿಢೀರನೆ ತಿರುಗಿ ಗೊಣಗಿದಂತೆ.

ಮೇ ಕೊನೆಗೆ ಅವನು ಪೂರ್ತಿ ಕಣಕ್ಕಿಳಿದಿದ್ದ. ಇಂಡಿಯಾನಾದ ಎಲೈಶಾ ಎಂಬ್ರಿ, ರಿಚರ್ಡ್ ಥಾಂಪ್ಸನ್ ಅವರಿಗೆ ಪತ್ರ: ಬಟರ್‌ಫೀಲ್ಡ್‌ನ ನೇಮಕ ಘೋರ ರಾಜಕೀಯ ತಪ್ಪಾದೀತು, ನಿಮ್ಮ ಮನಸ್ಸಾಕ್ಷಿ ಒಪ್ಪಿದರೆ ಅಧ್ಯಕ್ಷರಿಗೆ ನನ್ನ ಪರ ಬರೆಯಿರಿ. ಆದರೆ ಇಲಿನಾಯ್‌ನವರಿಗೆ ಕೊಡುವುದಾದರೆ ಮಾತ್ರ ಎಂದು ಬರೆಯಿರಿ, ನಿಮ್ಮ ರಾಜ್ಯದಲ್ಲೇ ನಿಮ್ಮವನೊಬ್ಬ ಇರಬಹುದು, ಅದಕ್ಕೆ ನಾನು ಅಡ್ಡ ಬರುವುದಿಲ್ಲ. ವಶೀಲಿ ಕೇಳುವಾಗಲೂ ಎದುರಿನವನಿಗೆ ತಪ್ಪಿಸಿಕೊಳ್ಳಲು ಬಾಗಿಲು ತೆರೆದಿಡುವ ಈ ಜಾಣ್ಮೆ!

ಜೂನ್ ಬಂತು. ಈಗ ಪತ್ರಗಳು ಮೂರ್ನಾಲ್ಕು ಸಾಲಿಗೆ ಇಳಿಯುತ್ತವೆ, ಉಸಿರು ಕಟ್ಟಿದಂತೆ. ಗೋಪ್ಯ ಎಂದು ಮೇಲೆ ಬರೆದು: ಬಟರ್‌ಫೀಲ್ಡ್ ಇಲ್ಲವೇ ನಾನು, ಇಬ್ಬರಲ್ಲೊಬ್ಬ ಕಮಿಷನರ್ ಆಗುವುದು ಖಚಿತ. ನಾನಾಗಲಿ ಎನ್ನುವುದಾದರೆ ವಾಷಿಂಗ್ಟನ್ನಿನ ವಿಳಾಸಕ್ಕೆ ಬರೆಯಿರಿ, ಅಲ್ಲಿಗೇ ಹೊರಟಿದ್ದೇನೆ. ಕ್ಷಣವೂ ತಡಮಾಡುವಂತಿಲ್ಲ. ಇದೇ ಒಕ್ಕಣೆ, ಹೆಸರು ಮಾತ್ರ ಬೇರೆ ಬೇರೆ. ಅವುಗಳಲ್ಲಿ ಕೆಲವು ಹೆಂಡತಿ ಮೇರಿಯ ಕೈಬರಹದಲ್ಲಿವೆ! ನನಗೆ ಈ ಇಡೀ ಕಥೆಯಲ್ಲಿ ಅತಿ ಇಷ್ಟವಾದ ಸಂಗತಿ ಇದು. ಸ್ಪ್ರಿಂಗ್‌ಫೀಲ್ಡಿನ ಆ ಮನೆಯಲ್ಲಿ ಗಂಡ ಹೆಂಡತಿ ಸೇರಿ ಪ್ರತಿ ಮಾಡುತ್ತಿದ್ದಾರೆ. ಝೆರಾಕ್ಸ್ ಇಲ್ಲ, ಟೈಪ್‌ರೈಟರ್ ಇಲ್ಲ, ಶಾಯಿ ಮತ್ತು ಅವಸರ ಅಷ್ಟೇ.

ಅಧ್ಯಕ್ಷ ಟೇಲರ್‌ಗಾಗಿ ಒಂದು ಟಿಪ್ಪಣಿಯೂ ಸಿದ್ಧವಾಯಿತು. ಬಟರ್‌ಫೀಲ್ಡ್‌ನ ಯೋಗ್ಯತೆಯನ್ನಾಗಲಿ ಪ್ರಾಮಾಣಿಕತೆಯನ್ನಾಗಲಿ ನನ್ನ ಕಾಗದಗಳು ಪ್ರಶ್ನಿಸುವುದಿಲ್ಲ, ಅವನವು ನನ್ನದನ್ನೂ ಪ್ರಶ್ನಿಸುವುದಿಲ್ಲವೆಂದುಕೊಂಡಿದ್ದೇನೆ. ಇಲಿನಾಯ್‌ನ ವಿಗ್‌ಗಳಿಗೆ ನಾನೇ ಬೇಕೆಂದು ಕಾಣದಿದ್ದರೆ ನನಗೆ ಹಕ್ಕಿಲ್ಲ. ಉತ್ತರ ಭಾಗಕ್ಕೆ ಹುದ್ದೆ ಸಿಗಲಿ ಎನ್ನುವವರಿಗೆ ಅವನ ಮಾತು: ನಾನು ರಾಜ್ಯದ ಮಧ್ಯದವನು; ನಿಮಗೆ ವಿಗ್ ಪ್ರತಿನಿಧಿಯನ್ನು ಕೊಟ್ಟ ಆ ಮಧ್ಯಭಾಗ ಲೆಕ್ಕಕ್ಕೇ ಇಲ್ಲವೇ? ಪ್ರಾದೇಶಿಕ ಅಸಮತೋಲನದ ವಾದ 1849ರಲ್ಲೂ ಹೀಗೇ ಇತ್ತು ಎಂದಾಯಿತು.

ಜೂನ್ 21. ಹುದ್ದೆ ಬಟರ್‌ಫೀಲ್ಡ್ ಪಾಲಾಯಿತು.

ಸೋತ ಮೇಲೆ ಬರೆದವುಗಳಲ್ಲಿ ಎರಡು ಪ್ರಸಂಗ ನನ್ನನ್ನು ಬಿಡಲಿಲ್ಲ. ಒಂದು, ಜುಲೈ 13ರಂದು ಜೋಸೆಫ್ ಗಿಲೆಸ್ಪಿಗೆ ಬರೆದದ್ದು. ಸೈರಸ್ ಎಡ್ವರ್ಡ್ಸ್ ಮುನಿದಿದ್ದಾನೆ. ಲಿಂಕನ್ ತನಗೆ ಕೈಕೊಟ್ಟನೆಂದು ಅವನ ದೂರು. ಲಿಂಕನ್ ನೊಂದು ಹೇಳುತ್ತಾನೆ: ಬದುಕಿನ ಒಳ್ಳೆಯ ಪಾಲೆಂದರೆ ಗೆಳೆತನಗಳೇ, ಎಡ್ವರ್ಡ್ಸ್‌ನದು ನಾನು ಬಹಳ ಕಾಪಾಡಿಕೊಂಡು ಬಂದದ್ದು, ಅದಕ್ಕೆ ನಾನು ದ್ರೋಹ ಬಗೆದಿಲ್ಲ. ಇಲಾಖೆ ಬಟರ್‌ಫೀಲ್ಡ್‌ಗೆ ಮಾತು ಕೊಡುವ ಮುನ್ನ ನಾನು ಒಂದು ಮಾತು ಅಂದಿದ್ದರೆ ಹುದ್ದೆ ನನ್ನದಾಗುತ್ತಿತ್ತು, ಯೂಯಿಂಗ್ ಮತ್ತು ಅಧ್ಯಕ್ಷರೇ ಹಾಗೆನ್ನುತ್ತಾರೆ. ಆ ಮಾತನ್ನು ನಾನು ತಡೆದುಕೊಂಡದ್ದು ಮುಖ್ಯವಾಗಿ ಎಡ್ವರ್ಡ್ಸ್‌ಗಾಗಿ. ಅಯ್ಯೋ! ಯಾರಿಗಾಗಿ ಬಾಯಿ ಮುಚ್ಚಿಕೊಂಡನೋ ಅವನೇ ಮುನಿಸಿಕೊಂಡ.

ಎರಡನೆಯದು ಪತ್ತೇದಾರಿ ಕಥೆ. ತನ್ನ ಪರ ಬಂದಿದ್ದ ಕಾಗದಗಳನ್ನು ವಾಪಸ್ ಕೊಡಿ ಎಂದು ಲಿಂಕನ್ ಇಲಾಖೆಯನ್ನು ಕೇಳಿ ತರಿಸಿಕೊಂಡ. ಕಟ್ಟು ಬಿಚ್ಚಿ ನೋಡಿದರೆ ಎರಡು ಪತ್ರ ನಾಪತ್ತೆ! ಯಾರವು? ಎಂಬ್ರಿ ಮತ್ತು ಥಾಂಪ್ಸನ್ ಅವರದು, ಇಬ್ಬರೂ ಸಂಸತ್ತಿನಲ್ಲಿದ್ದವರು, ಅಂದರೆ ತೂಕವಿದ್ದ ಪತ್ರಗಳು. ಸುಮ್ಮನಿರದೆ ಯೂಯಿಂಗ್‌ಗೆ ಬರೆದು ವಿಚಾರಿಸಿದ. ಅವನ ತಗಾದೆಯಲ್ಲೂ ಕೂಗಾಟವಿಲ್ಲ, ಆದರೆ ಬಿಡುವ ಜಾಯಮಾನವೂ ಕಾಣುವುದಿಲ್ಲ.

ಇಷ್ಟು ಪೆಟ್ಟು ತಿಂದವನು ಅದೇ ಸರಕಾರಕ್ಕೆ ಪಾಠ ಹೇಳಲು ಹೊರಡುತ್ತಾನೆಂದರೆ ನಂಬುತ್ತೀರಾ? ಜುಲೈ 28ರಂದು ವಿದೇಶಾಂಗ ಮಂತ್ರಿ ಜಾನ್ ಕ್ಲೇಟನ್‌ಗೆ ಒಂದು ಪತ್ರ. ಟೇಲರ್ ಸಾಹೇಬರು ನೇಮಕಗಳನ್ನೆಲ್ಲ ಇಲಾಖೆಗಳಿಗೇ ಬಿಟ್ಟುಬಿಟ್ಟಿದ್ದಾರೆಂಬ ಭಾವನೆ ಹಬ್ಬುತ್ತಿದೆ. ನೇಮಕಗಳು ಈಗಿರುವುದಕ್ಕಿಂತ ಉತ್ತಮವಾಗಬೇಕಾಗಿಲ್ಲ; ಆದರೆ ಅವು ಅಧ್ಯಕ್ಷರವೇ ಎಂದು ಜನಕ್ಕೆ ಮನದಟ್ಟಾಗಬೇಕು. ಆಗಾಗ ದೇವರಾಣೆ ಎಂದು ಗುಡುಗಿ, ಹೊಣೆ ನನ್ನದು ಎಂದು ಅವರು ಹೇಳಬೇಕು, ಕಡೇ ಪಕ್ಷ ಹೇಳಿದಂತೆ ಕಾಣಬೇಕು. ಜಾಕ್ಸನ್‌ಗೆ ಆ ಮಾತುಗಳೇ ಬೈಬಲ್ಲಿನ ಬಲಶಾಲಿ ಸಂಸೋನನ ಬಲವಿದ್ದ ಜಡೆ ಇದ್ದಂತೆ. (ಇಲ್ಲೂ ಕೂದಲು! ಈ ಮನುಷ್ಯನಿಗೆ ರಾಜಕೀಯವೆಂದರೆ ಕೂದಲೇ ನೆನಪಾಗುತ್ತಿತ್ತೋ ಏನೋ.) ಅಧಿಕಾರವೆನ್ನುವುದು ಮಾಡುವುದರಲ್ಲಿ ಎಷ್ಟಿದೆಯೋ ಕಾಣಿಸಿಕೊಳ್ಳುವುದರಲ್ಲೂ ಅಷ್ಟೇ ಇದೆ ಎಂಬುದು ಸೋತು ಮನೆಗೆ ಬಂದ ವಕೀಲನಿಗೆ ಆಗಲೇ ಗೊತ್ತಿತ್ತು.

ಸಮಾಧಾನಕ್ಕೆಂದು ಸರಕಾರ ಒರೆಗಾನ್ ಪ್ರಾಂತ್ಯದ ಕಾರ್ಯದರ್ಶಿ ಹುದ್ದೆ ಕೊಡಲು ಬಂತು. ಆಗಸ್ಟ್ 21ರ ಉತ್ತರದಲ್ಲಿ ವಿನಯದಿಂದ ಬೇಡವೆಂದ ಲಿಂಕನ್, ಅದೇ ಉಸಿರಿನಲ್ಲಿ ಇದನ್ನು ಸೈಮಿಯನ್ ಫ್ರಾನ್ಸಿಸ್‌ಗೆ ಕೊಟ್ಟರೆ ಉಪಕಾರವಾಗುತ್ತದೆ ಎಂದ! ಫ್ರಾನ್ಸಿಸ್ ಸ್ಪ್ರಿಂಗ್‌ಫೀಲ್ಡಿನ ವಿಗ್ ಪತ್ರಿಕೆಯ ಸಂಪಾದಕ. ಅವನ ವ್ಯವಹಾರ ನಿಷ್ಠೆಗೆ ಸಾಕ್ಷಿ ಏನು? ಪತ್ರಿಕೆ ಹದಿನೆಂಟು ವರ್ಷದಿಂದ ನಡೆಯುತ್ತಿದೆ, ದಿನಪತ್ರಿಕೆಯೂ ಆಗಿದೆ, ಮೊದಲ ಸಂಚಿಕೆಯಿಂದ ಇವತ್ತಿನವರೆಗೆ ಕೈ ಬದಲಾಗಿಲ್ಲ. ಪತ್ರಿಕೆ ನಡೆಸಿದವರಿಗೆ ಗೊತ್ತು, ಇದು ಎಂಥ ಬಿರುದು! ಮುಂದೆ ಒರೆಗಾನ್‌ನ ಗವರ್ನರ್ ಪದವಿಯೇ ಲಿಂಕನ್ನನ ಬಾಗಿಲಿಗೆ ಬಂತು. ಅದನ್ನೂ ಬೇಡವೆಂದ.

ಹನ್ನೆರಡು ವರ್ಷ ದಾಟಿ 1861ಕ್ಕೆ ಬನ್ನಿ. ಈಗ ಅವನೇ ಅಧ್ಯಕ್ಷ. ಶ್ವೇತಭವನದ ಮೆಟ್ಟಿಲು, ಪಡಸಾಲೆ ಎಲ್ಲ ಹುದ್ದೆ ಆಕಾಂಕ್ಷಿಗಳಿಂದ ತುಂಬಿದೆ. ಸಾಮಾನ್ಯ ನಿಯಮವಿರಲಿ ಎಂದು ಬರೆದಿದ್ದವನು ಏನು ಮಾಡಿದ? ಅಧ್ಯಕ್ಷ ನೇರವಾಗಿ ನೇಮಿಸಬಹುದಾದ ಸುಮಾರು 1,520 ಹುದ್ದೆಗಳಲ್ಲಿ 1,195ರಲ್ಲಿ ಆಳು ಬದಲಾದರೆಂದು ಕಾರ್ಮನ್ ಮತ್ತು ಲೂಥಿನ್ ಎಂಬ ಇತಿಹಾಸಕಾರರ ಎಣಿಕೆ. ಅಲ್ಲಿಯವರೆಗೆ ಯಾರೂ ಇಷ್ಟು ಗುಡಿಸಿರಲಿಲ್ಲ! ಇದನ್ನು ಮುಚ್ಚಿಟ್ಟು ಹೊಗಳಲು ನನಗೆ ಮನಸ್ಸಿಲ್ಲ. ಈ ಪದ್ಧತಿ ಬಿಗಿಯಾಗಿ ಕಡಿವಾಣ ಕಂಡದ್ದು 1881ರಲ್ಲಿ ಹುದ್ದೆ ಸಿಗದವನೊಬ್ಬ ಅಧ್ಯಕ್ಷ ಗಾರ್ಫೀಲ್ಡ್‌ಗೆ ಗುಂಡು ಹೊಡೆದ ಮೇಲೆ, 1883ರ ಪೆಂಡಲ್‌ಟನ್ ಕಾಯ್ದೆಯಿಂದ.

ಆದರೆ ಮಾರ್ಚ್ 30ರ ಪತ್ರ ನೋಡಿ, ದಯವಿಟ್ಟು ನೋಡಿ! ಹಿಂದಿನ ದಿನವಷ್ಟೇ ಬಂಡೆದ್ದ ದಕ್ಷಿಣದಲ್ಲಿ ಮುತ್ತಿಗೆಗೆ ಸಿಕ್ಕಿದ್ದ ಸಮ್ಟರ್ ಕೋಟೆಗೆ ನೆರವಿನ ಹಡಗು ಸಿದ್ಧಪಡಿಸಲು ಅಪ್ಪಣೆಯಾಗಿದೆ. ಎರಡು ವಾರದೊಳಗೆ ದೇಶ ಎರಡಾಗಿ ಹೊಡೆದಾಡಲಿದೆ. ಇಂಥ ಹೊತ್ತಿನಲ್ಲಿ ಅಧ್ಯಕ್ಷ ಕುಳಿತು ತನ್ನ ಮೊದಲ ವಕೀಲಿ ಪಾಲುದಾರ ಜಾನ್ ಸ್ಟುವರ್ಟ್‌ಗೆ ಬರೆಯುತ್ತಿರುವುದು ಯಾವ ವಿಷಯ? ಸ್ಪ್ರಿಂಗ್‌ಫೀಲ್ಡಿನ ಅಂಚೆ ಕಚೇರಿ! ಮೇರಿಯ ದಾಯಾದಿ ಲಿಜ್ಜಿ ಗ್ರಿಮ್ಸ್‌ಲಿ ಶ್ವೇತಭವನದಲ್ಲೇ ಉಳಿದುಕೊಂಡಿದ್ದಾಳೆ, ಆ ಪೋಸ್ಟ್‌ಮಾಸ್ಟರ್ ಹುದ್ದೆ ಅವಳಿಗೆ ಬೇಕು. ಲಿಂಕನ್ ಪೇಚಿಗೆ ಸಿಕ್ಕಿದ್ದಾನೆ. ಸೆನೆಟರ್ ಟ್ರಂಬಲ್‌ನ ಭಾವಮೈದ ವಿಲಿಯಂ ಜೇನ್‌ನನ್ನು ಪ್ರಾಂತ್ಯವೊಂದರ ಗವರ್ನರ್ ಮಾಡಿಯಾಗಿದೆ, ಟ್ರಂಬಲ್‌ನ ಸಹೋದರನಿಗೆ ಭೂಕಚೇರಿ ಕೊಟ್ಟಾಗಿದೆ. ಇನ್ನು ಇದನ್ನೂ ಕೊಟ್ಟರೆ, ನಾನೂ ಟ್ರಂಬಲ್ಲೂ ಹುದ್ದೆಗಳನ್ನೆಲ್ಲ ನಂಟರಿಗೇ ಹಂಚಿಕೊಂಡೆವೆಂಬ ಮಾತನ್ನು ನಾನೇ ನಿಜ ಮಾಡಿದಂತಾಗದೇ? ಮೇಲಾಗಿ ಷಡ್ಡಕ ಡಾಕ್ಟರ್ ವಾಲೆಸ್ ಕಷ್ಟದಲ್ಲಿದ್ದಾನೆ, ನನ್ನನ್ನೇ ನಂಬಿದ್ದಾನೆ, ಅವನ ಋಣ ನನ್ನ ಮೇಲಿದೆ.

ಆಮೇಲೆ ಬರುತ್ತದೆ ನೋಡಿ ಲಿಂಕನ್ ಶೈಲಿಯ ಉಪಾಯ. ಈ ಹುದ್ದೆಗೆ ಊರಿನಲ್ಲಿ ಮತ ಹಾಕಿಸುತ್ತಾರೆಂದು ಪತ್ರಿಕೆಯಲ್ಲಿ ಓದಿದೆ. ನೀವು ಲಿಜ್ಜಿಯನ್ನೇ ನಿಲ್ಲಿಸಿ ಎಲ್ಲರನ್ನೂ ಸೋಲಿಸಬಾರದೇಕೆ? ಅವಳು ಇಲ್ಲಿದ್ದಾಳೆ, ಅವಳಿಗೆ ಗೊತ್ತಾಗಬೇಕಾಗಿಯೇ ಇಲ್ಲ, ಆದ್ದರಿಂದ ಅವಳ ಕಡೆಯಿಂದ ಸಂಕೋಚದ ಪ್ರಶ್ನೆಯೂ ಇಲ್ಲ! ಓದಿ ಜೋರಾಗಿ ನಕ್ಕುಬಿಟ್ಟೆ. ಸಮ್ಟರ್ ಕೋಟೆಯ ಚಿಂತೆಯ ನಡುವೆ ಈ ಪುಟ್ಟ ಪಿತೂರಿ. ಲಿಜ್ಜಿಗೆ ಹುದ್ದೆ ಸಿಗಲಿಲ್ಲ. ವಾಲೆಸ್ ಸೇನೆಯ ಸಂಬಳ ಬಟವಾಡೆ ಅಧಿಕಾರಿಯಾದ. 1849ರಲ್ಲಿ ಒರೆಗಾನ್ ಹುದ್ದೆ ಕೈತಪ್ಪಿದ್ದ ಸಂಪಾದಕ ಸೈಮಿಯನ್ ಫ್ರಾನ್ಸಿಸ್‌ಗೂ ಇಂಥದ್ದೇ ಕೆಲಸ ಸಿಕ್ಕಿತು. ಅಷ್ಟು ಹೊತ್ತಿಗೆ ಅವನು ಒರೆಗಾನ್‌ಗೇ ಹೋಗಿ ನೆಲೆಸಿದ್ದ!

ಅದೇ ವರ್ಷ ಅಕ್ಟೋಬರ್ 17ರ ಚೀಟಿ ಇನ್ನೂ ಚಿಕ್ಕದು. ವಾಷಿಂಗ್ಟನ್ ಶಸ್ತ್ರಾಗಾರದ ಮೇಜರ್ ರಾಮ್ಸೆಗೆ: ಈ ಪತ್ರ ತರುವ ತಾಯಿಗೆ ಇಬ್ಬರು ಗಂಡುಮಕ್ಕಳು, ಕೆಲಸ ಮಾಡಬೇಕೆನ್ನುತ್ತಾರಂತೆ. ಸಾಧ್ಯವಾದರೆ ಕೆಲಸಕ್ಕೆ ಹಚ್ಚಿ. ಕೆಲಸ ಮಾಡಬೇಕೆಂಬ ಆಸೆ ಎಷ್ಟು ಅಪರೂಪದ ಗುಣವೆಂದರೆ ಅದಕ್ಕೆ ಉತ್ತೇಜನ ಕೊಡಲೇಬೇಕು. ಕುರ್ಚಿಗಾಗಿ ಬಂದವರ ಮುಖ ನೋಡಿ ನೋಡಿ ಬೇಸತ್ತವನ ನಿಟ್ಟುಸಿರು ಇದರಲ್ಲಿ ಕೇಳಿಸುತ್ತದೆ. ನಾಲ್ಕು ದಿನ ಕಳೆದು, 21ರಂದು, ಬಾಲ್ಸ್ ಬ್ಲಫ್ ಕದನದಲ್ಲಿ ಬೇಕರ್ ಸತ್ತ. ಒಂದು ಕಾಲದಲ್ಲಿ ಇಲಿನಾಯ್‌ನ ಹುದ್ದೆಗಳನ್ನು ಇವನ ಜೊತೆ ಕೂತು ಹಂಚಿದ ಅದೇ ಬೇಕರ್.

ಕೊನೆಯದಾಗಿ ಹಣಕಾಸು ಮಂತ್ರಿ ಸಾಲ್ಮನ್ ಚೇಸ್‌ನ ಪ್ರಸಂಗ. 1864ರ ಜೂನ್. ನ್ಯೂಯಾರ್ಕಿನ ಸಹಾಯಕ ಖಜಾಂಚಿ ಹುದ್ದೆ ಖಾಲಿಯಾಗುವುದರಲ್ಲಿತ್ತು. ಮಾನ್ಸೆಲ್ ಫೀಲ್ಡ್ ಬೇಕೆಂದು ಚೇಸ್‌ನ ಹಟ, ಆಗದೆಂದು ಆ ರಾಜ್ಯದ ಸೆನೆಟರ್ ಮಾರ್ಗನ್‌ನ ಹಟ. ಮುಖತಃ ಮಾತಾಡೋಣ ಎಂದ ಚೇಸ್‌ಗೆ ಲಿಂಕನ್ ಬರೆದ: ತೊಡಕಿರುವುದು ಮುಖ್ಯವಾಗಿ ನಾನೂ ನೀವೂ ಕೂತು ಮಾತಾಡಿದರೆ ಬಗೆಹರಿಯುವ ಜಾಗದಲ್ಲಲ್ಲ. ರಾಜೀನಾಮೆ ಬಿಸಾಕಿ ಹೆದರಿಸುವುದು ಚೇಸ್‌ಗೆ ರೂಢಿ, ಈ ಸಲವೂ ಬಿಸಾಕಿದ. ಜೂನ್ 30ರಂದು ಲಿಂಕನ್ ಅದನ್ನು ಒಪ್ಪಿಕೊಂಡೇಬಿಟ್ಟ! ನಿಮ್ಮ ಸಾಮರ್ಥ್ಯ, ನಿಷ್ಠೆಗಳ ಬಗ್ಗೆ ಆಡಿದ ಒಂದು ಮಾತನ್ನೂ ನಾನು ಹಿಂದೆಗೆದುಕೊಳ್ಳುವುದಿಲ್ಲ, ಆದರೆ ನಮ್ಮಿಬ್ಬರ ಸಂಬಂಧ ಇಬ್ಬರಿಗೂ ಇರಿಸುಮುರಿಸಾಗುವ ಹಂತಕ್ಕೆ ಬಂದಿದೆ ಎಂದು ಬರೆದ. ಅವಕ್ಕಾದ ಚೇಸ್ ಮನೆಗೆ ಹೋದ. ಆ ವರ್ಷವೇ ಲಿಂಕನ್‌ಗೆ ಎದುರಾಳಿಯಾಗಿ ಅಧ್ಯಕ್ಷಗಿರಿಗೆ ಒಳಗೊಳಗೇ ಹವಣಿಸಿದವನು ಈತ. ಅಂಥವನನ್ನು ಡಿಸೆಂಬರ್ 6ರಂದು ಲಿಂಕನ್ ದೇಶದ ಮುಖ್ಯ ನ್ಯಾಯಮೂರ್ತಿಯ ಹುದ್ದೆಗೆ ಹೆಸರಿಸಿದ. 1865ರ ಮಾರ್ಚ್ 4ರಂದು ಲಿಂಕನ್‌ಗೆ ಎರಡನೆಯ ಬಾರಿ ಪ್ರಮಾಣವಚನ ಬೋಧಿಸಿದ್ದು ಇದೇ ಚೇಸ್. ಮಾನ್ಸೆಲ್ ಫೀಲ್ಡ್‌ಗೆ ಮಾತ್ರ ನ್ಯೂಯಾರ್ಕಿನ ಆ ಖಜಾನೆ ಕುರ್ಚಿ ಸಿಗಲೇ ಇಲ್ಲ.